ಚಿಕ್ಕಜ್ಜನ ಮೂಕಗಡಿಗೆ

ಎರಡನೆಯ ಚಂದ್ರ ಹುಟ್ಟಿದ ಮರುದಿನ

ಪ್ರೀತಿಯ ಅತ್ತೆ,

ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡಿ. ಬರೆದರೆ ನಿಜವನ್ನೇ ಬರೆಯಬೇಕಾಗುತ್ತಿತ್ತು. ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಈಗ ಹೇಳುತ್ತೇನೆ: ಶಾಲೆಯಿಂದ ನನ್ನನ್ನು ಯಾರೂ ಓಡಿಸಲಿಲ್ಲ. ನಾನೇ ಎದ್ದು ಬಂದೆ.

ಮೇಷ್ಟ್ರು ಅವರವರ ಮನೆತನದ ಕಥೆ ಒಪ್ಪಿಸಲು ಹೇಳಿದ್ದರು. ಮುತ್ತಜ್ಜ ಮೊದಲ ದನಿಗಡಿಗೆ ಮಾಡಿದ್ದು, ಅಜ್ಜ ರಾಣಿಯ ನಗುವನ್ನು ಗಡಿಗೆಯಲ್ಲಿ ಹಿಡಿದದ್ದು, ಎಲ್ಲ ಹೇಳಿದೆ. ಚಿಕ್ಕಜ್ಜನ ಪಾಲಿಗೆ ಇರುವುದು ಒಂದೇ ಸಾಲು: 'ಮಂಜುಗಡಲಿನ ಆಚೆ ದಡ ಹುಡುಕಲು ಹೋದ ದಂಡಪಿಂಡ, ಮನೆಗೆ ಒಂದು ಮಾತನ್ನೂ ಬಿಟ್ಟುಹೋಗಲಿಲ್ಲ.' ಅಲ್ಲಿಗೆ ನನ್ನ ಬಾಯಿ ನಿಂತಿತು.

"ಯಾಕಮ್ಮಾ, ನಾಲಿಗೇನ ಆವಿಗೆಯಲ್ಲಿ ಸುಡೋಕಿಟ್ಟು ಬಂದ್ಯಾ?" ಅಂದರು ಮೇಷ್ಟ್ರು.

"ಇದು ಸುಳ್ಳು ಮೇಷ್ಟ್ರೇ. ಒಪ್ಪಿಸಲ್ಲ," ಅಂದೆ.

ಹಿಂದಿನ ದಿನ ಅಟ್ಟದ ಗಡಿಗೆಗಳನ್ನು ಒರೆಸುತ್ತಿದ್ದೆ. ನಮ್ಮಲ್ಲಿ ದೂರ ಹೊರಟವರು ಗಡಿಗೆಯೊಳಗೆ ಮಾತಾಡಿ, ಮುಚ್ಚಳದ ಬಿಸಿ ಅರಗಿನ ಮೇಲೆ ತಮ್ಮದೇ ಹೆಬ್ಬೆರಳು ಒತ್ತಿ ಹೋಗಬೇಕಲ್ಲ? ಚಿಕ್ಕಜ್ಜನ ಗಡಿಗೆಯ ಮೇಲಿರುವುದು ನಡುವೆ ಸೀಳಿದ ಹೆಬ್ಬೆರಳು. ಆ ಸೀಳು ಇದ್ದದ್ದು ಮುತ್ತಜ್ಜನಿಗೆ. ಮಗ ಬಾಯಿ ತೆರೆಯುವ ಮೊದಲೇ ಅಪ್ಪ ಗಡಿಗೆಯ ಬಾಯಿ ಮುಚ್ಚಿದ್ದಾರೆ. ಆಮೇಲೆ ಮನೆಮಂದಿ ಸೇರಿದಾಗಲೆಲ್ಲ ಆ ಮೂಕಗಡಿಗೆಗೆ ಕಿವಿಯಿಟ್ಟು ನಕ್ಕಿದ್ದೇವೆ. ನಾನೂ ನಕ್ಕಿದ್ದೇನೆ.

ನಮ್ಮಪ್ಪನಿಗೆ ತೋರಿಸಿದೆ. ಅವರು ತಿಗರಿ ತಿರುಗಿಸುವುದನ್ನು ನಿಲ್ಲಿಸಲೇ ಇಲ್ಲ. "ಅವನು ಹೋಗಿ ಅದೇನು ಕಡಿದು ಗುಡ್ಡೆ ಹಾಕಿದ?"

"ಹೇಳೋಕೆ ಬಿಟ್ಟಿದ್ರೆ ತಾನೇ ಗೊತ್ತಾಗ್ತಿದ್ದದ್ದು?"

"ಬಾಯಿ ಬಹಳ ದೊಡ್ಡದಾಯ್ತು ನಿಂದು."

"ನೀವು ಮಾಡೋ ಗಡಿಗೇದಕ್ಕಿಂತ ಚಿಕ್ಕದೇ ಬಿಡಿ."

ಅಂದಿನಿಂದ ನಾವಿಬ್ಬರೂ ಅಮ್ಮನ ಮೂಲಕವೇ ಮಾತಾಡುತ್ತೇವೆ. ಪಾಪ, ಉಪ್ಪು ಬೇಕೆಂದರೂ ಅಮ್ಮನೇ ಎರಡು ಸಲ ಹೇಳಬೇಕು.

ಮಂಜುಗಡಲಿನ ದೋಣಿಯವಳು ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದಾಳೆ. "ಈಜು ಬರುತ್ತಾ?" ಎಂದು ಕೇಳಿದಳು. ಇಲ್ಲ ಅಂದೆ. "ಬಂದಿದ್ರೂ ದಂಡ. ಮಂಜಲ್ಲಿ ಯಾರೂ ಈಜಲ್ಲ, ಬೀಳ್ತಾರೆ ಅಷ್ಟೇ. ಬಾ," ಅಂದಳು. ನಿಜ ಹೇಳುವವಳು, ಹಿಡಿಸಿದಳು. ಆಚೆ ದಡ ಸಿಗದಿದ್ದರೆ ಸಿಗಲಿಲ್ಲ ಎಂದೇ ಬಂದು ಹೇಳುತ್ತೇನೆ. ಆದರೆ ನನ್ನ ಕಥೆ ಹೇಳುವವಳು ನಾನೇ.

ಚಿಕ್ಕಜ್ಜನ ಹೆಗಲೇರಿ ತಿರುಗಿದವರು ನೀವು. ಅವರ ದನಿ ಕೇಳಿದವರಲ್ಲಿ ಉಳಿದಿರುವುದೂ ನೀವೊಬ್ಬರೇ. ಅದು ಹೇಗಿತ್ತೆಂದು ಮೊಮ್ಮಕ್ಕಳಿಗೆ ಹೇಳಿ. ಆ ದಂಡಪಿಂಡದ ಸಾಲನ್ನು ಮಾತ್ರ ಕಲಿಸಬೇಡಿ.

ನಿಮ್ಮ ಮಂಡಿನೋವು ಇಳಿಯಲಿ. ಮಾವನಿಗೆ ನಮಸ್ಕಾರ. ನನಗೆ ಆಶೀರ್ವಾದ ಮಾಡಿ, ಬೈಯುತ್ತಲೇ ಮಾಡಿದರೂ ಸರಿ.

ನಿಮ್ಮ
ಗಿರಗಟ್ಲೆ

ತಾ.ಕ.: ಇದನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಮೇಲೆ ಬರೆಯಲು ಕೈ ಬರಲಿಲ್ಲ. ನಾನೂ ಮಾತು ಬಿಟ್ಟುಹೋಗೋಣವೆಂದು ಇವತ್ತು ಒಂದು ಗಡಿಗೆ ಕೊಡಿ ಎಂದು ಕೇಳಲು ಅಪ್ಪನ ಹತ್ತಿರವೇ ಹೋದೆ. ಆವಿಗೆಯ ಪಕ್ಕ ನನ್ನ ಹೆಸರಿನ ಗಡಿಗೆ ಆಗಲೇ ಸಿದ್ಧವಾಗಿತ್ತು. ಮುಚ್ಚಳಕ್ಕೆ ಅರಗೂ ಬಿದ್ದಿತ್ತು. ಅದರ ಮೇಲೆ ಒತ್ತಿದ ಹೆಬ್ಬೆರಳು ಯಾರದೆಂದು ಕೇಳಬೇಕಾಗಲಿಲ್ಲ. ಅದನ್ನು ಹಿಡಿದೇ ನಾನು ನಡೆಯಲು ಕಲಿತದ್ದು.

ನಾಳೆ ಬೆಳಗ್ಗೆ ಹೊರಡುತ್ತೇನೆ.