ಗೂಟ ಸರಿದ ಬಾವಿ

ತಿಕೋಂಡಿ, ತಾ. ಜತ್ತ
೧೪ ಮಾರ್ಚ್ ೧೯೫೪

ನನ್ನ ಮಗಳು ಚಿ. ಸೌ. ಮಲಕವ್ವಳಿಗೆ ಅಪ್ಪನ ತುಂಬು ಆಶೀರ್ವಾದ.

ನಾವಿಬ್ಬರೂ ಆರಾಮವಾಗಿದ್ದೇವೆ. ಇಂಡಿಯಲ್ಲಿ ನೀನೂ ಅಳಿಯ ಶಿವಯೋಗೆಪ್ಪನವರೂ ಹಾಗೆಯೇ ಇರುವಿರೆಂದು ನಂಬಿದ್ದೇನೆ. ಸಂಕ್ರಾಂತಿಗೆ ಬಂದ ಅಳಿಯಂದಿರ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಅಂಗೈ ತುಂಬ ಗುಳ್ಳೆ ಎದ್ದು ಲೇಖನಿ ಹಿಡಿಯಲು ಬರುತ್ತಿರಲಿಲ್ಲ. ಯಾಕೆಂದರೆ, ತಂಗಿ, ನಮ್ಮ ಹೊಲದಲ್ಲಿ ಬಾವಿ ಆಯಿತು!

ಧಾನ್ಯ ಹೆಚ್ಚು ಬೆಳೆಯಲೆಂದು ಸರಕಾರ ಹೊಸ ಬಾವಿಗೆ ಸಹಾಯಧನ ಕೊಡುತ್ತದೆ; ಅದನ್ನು ತಿರುಗಿ ಕೊಡಬೇಕಿಲ್ಲ. ನಾನು ನಂಬಿರಲಿಲ್ಲ. ನಿಮ್ಮವ್ವನೇ, "ಕೊಡಾವ್ರು ಕೊಡತೀನಂದ್ರ ಬ್ಯಾಡ ಅನ್ನಾಕ ನೀವ್ಯಾವ ಸೀಮಿ ದೇಸಾಯ್ರು?" ಎಂದು ಅರ್ಜಿ ಕೊಡಲು ನನ್ನನ್ನು ಜತ್ತಿನ ಕಚೇರಿಗೆ ಅಟ್ಟಿದಳು.

ದೀಪಾವಳಿ ಮುಗಿದ ಮೇಲೆ ಬಾವಿಯ ಜಾಗ ನೋಡಲು ಆ ಕಚೇರಿಯ ಸಾಹೇಬರು ಬಂದರು. ಮರಾಠಿಯವರು, ಹರೆಯದವರು. ಹೊಲವೆಲ್ಲ ತಿರುಗಿ, ಹಳ್ಳದ ಕಡೆಯ ಮೂಲೆಯಲ್ಲಿ ಬೇವಿನ ಗಿಡದ ಹತ್ತಿರ ಗೂಟ ಹೊಡೆಸಿ, "ಕಾಕಾ, ನೀರು ಇಲ್ಲೇ ಅದ. ಇಲ್ಲಿ ತೋಡಿದ್ರ ಸಹಾಯಧನ ಪಕ್ಕಾ" ಎಂದರು.

"ಅಲ್ಲಿ ಬ್ಯಾಡ್ರಿ" ಎಂದೆ.

"ಯಾಕ?"

"ಬ್ಯಾರೆ ಎಲ್ಲೆರ ತೋರಸ್ರಿ ಸಾಹೇಬ್ರ" ಎಂದೆ, ಅಷ್ಟೇ. ಪಕ್ಕದ ಹೊಲದ ಧೂಳಪ್ಪ, "ಅಣ್ಣಾ, ತಲಿ ಕೆಟ್ಟೈತೇನು?" ಎಂದು ರಟ್ಟೆ ಜಗ್ಗಿದ. ಸಾಹೇಬರಿಗೂ ಸಿಟ್ಟು ಬಂತು. ಬೇರೆ ಕಡೆ ನೀರು ಬೀಳದಿದ್ದರೆ ಸರಕಾರಕ್ಕೆ ಉತ್ತರ ಯಾರು ಕೊಡಬೇಕು ಎಂದು ಜೀಪಿನತ್ತ ಹೊರಟೇಬಿಟ್ಟರು.

ಬುತ್ತಿ ತಂದಿದ್ದ ನಿಮ್ಮವ್ವ ಸೆರಗು ಸರಿಮಾಡಿಕೊಂಡು ಅವರ ಹಿಂದೆ ಹೋದಳು. ಬದುವಿನ ಮೇಲೆ ನಿಲ್ಲಿಸಿ ಒಂದೇ ಮಾತು ಹೇಳಿದಳು. ಸಾಹೇಬರು ಟೊಪ್ಪಿಗೆ ತೆಗೆದರು. ಆಮೇಲೆ ತಿರುಗಿ ಬಂದು ಆ ಗೂಟವನ್ನು ತಾವೇ ಕಿತ್ತರು. ಪಡುವಣ ಬದುವಿನ ಬಳಿ ಅದನ್ನು ನೆಟ್ಟು, "ಇಲ್ಲಿ ಕಲ್ಲು ಭಾಳ ಬರ್ತದ ಕಾಕಾ, ತಡಕೋರಿ. ಕಚೇರಿ ಕೆಲಸ ನನಗ ಬಿಡ್ರಿ" ಎಂದರು. ನಿಮ್ಮವ್ವ ಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಉಂಡೇ ಹೋದರು. ಆ ಚಟ್ನಿಪುಡಿಯ ಖಾರಕ್ಕೆ ಮೂಗು ಸೋರಿದರೂ ಬೇಡವೆನ್ನಲಿಲ್ಲ.

ಕಲ್ಲು ಬಂದೇ ಬಂತು. ಸಹಾಯಧನದ ಮೊದಲ ಕಂತು ಕಲ್ಲು ಸಿಡಿಸುವ ಮದ್ದಿಗೇ ಹೋಯಿತು. ಬೈದಿದ್ದ ಧೂಳಪ್ಪನೇ ನನ್ನ ಜೊತೆ ಇಳಿದು ಹಾರೆ ಹಿಡಿದ. ಶಿವರಾತ್ರಿಯ ಮರುದಿನ ಬಂಡೆಯ ಬಿರುಕಿನಿಂದ ನೀರು ಜಿನುಗಿತು, ಈಗ ಎದೆಮಟ್ಟ ನಿಂತಿದೆ. ಸಿಹಿ ನೀರು! ನಿಮ್ಮವ್ವ ಮೊದಲ ಕೊಡವನ್ನು ಧೂಳಪ್ಪನ ತಲೆಯ ಮೇಲೆ ಸುರಿದು ನಕ್ಕದ್ದೇ ನಕ್ಕದ್ದು. ಸಾಹೇಬರು ಬಂದು ನೋಡಿ ಉಳಿದ ಕಂತೂ ಮಂಜೂರು ಮಾಡಿಸಿದರು. ಬರುವ ಹಿಂಗಾರಿಗೆ ಗೋದಿ ಹಾಕುತ್ತೇವೆ.

ಶಿವ ನಿಮ್ಮಿಬ್ಬರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ ಅಪ್ಪ,
ಗುರುಲಿಂಗಪ್ಪ

ತಾ.ಕ.: ನಿಮ್ಮವ್ವ ಸಾಹೇಬರಿಗೆ ಹೇಳಿದ ಮಾತು ಇದು: "ಅಲ್ಲಿ ನನ್ನ ಮಗಳ ಚೊಚ್ಚಲ ಕೂಸು ಮಲಗೇತ್ರಿ." ಹೆರಿಗೆಯ ದಿನ ಜ್ವರದಲ್ಲಿ ನಿನಗೆ ಎಚ್ಚರವಿರಲಿಲ್ಲ. ಎಚ್ಚರಾದ ಮೇಲೆ, "ಎಲ್ಲಿಟ್ಟಿ ಅಪ್ಪಾ?" ಎಂದು ಕೇಳಿದೆ. ಹೇಳಲಾರದೆ ನಾನು ಎದ್ದುಹೋದೆ. ಬಾಣಂತನ ಮುಗಿಸಿ ಹೋದವಳು ನೀನು ಮತ್ತೆ ತವರಿಗೆ ಬರಲಿಲ್ಲ. ಹೆಣ್ಣು ಕೂಸು, ತಂಗಿ. ಉಸಿರಿರಲಿಲ್ಲ, ಆದರೆ ತಲೆ ತುಂಬ ಕೂದಲಿತ್ತು. ಹಣೆ ನಿನ್ನದೇ. ನಿಮ್ಮವ್ವನ ಸೀರೆಯಲ್ಲಿ ಸುತ್ತಿ ನಾನೇ ಎತ್ತಿಕೊಂಡು ಹೋಗಿದ್ದೆ. ನೀನು ಬಾ. ಈ ಸಲ ಅಲ್ಲಿಗೆ ನಾವಿಬ್ಬರೂ ಕೂಡಿ ಹೋಗೋಣ.