ಬರಿಗಾಲಲ್ಲಿ ಬಂದು ಫ್ಯೂಸ್ ಒಯ್ಯಿರಿ

ಮಾನ್ಯ ವಿದ್ಯುತ್ ಪರಿವೀಕ್ಷಣಾಧಿಕಾರಿಗಳೇ,

ನೀವು ಹುಡುಕುತ್ತಿರುವ ಫ್ಯೂಸ್ ನನ್ನ ಅಡುಗೆಮನೆಯ ಇಂಗಿನ ಡಬ್ಬಿಯಲ್ಲಿದೆ. ನಮ್ಮ ವಠಾರದ ನಾಲ್ಕನೇ ಮನೆಗೆ ಕರೆಂಟು ಹೋಗದಂತೆ ಅದನ್ನು ಕಿತ್ತಿಟ್ಟುಕೊಂಡಿರುವುದು ದಂಡನೀಯ ಅಪರಾಧ, ಏಳು ದಿನದೊಳಗೆ ಹಿಂದಿರುಗಿಸತಕ್ಕದ್ದು ಎಂದು ನಿಮ್ಮ ಕಚೇರಿಯಿಂದ ನೋಟೀಸು ಬಂದಿದೆ. ಕಿತ್ತವಳು ನಾನೇ. ಕೊಡುವುದಿಲ್ಲ. ಕೋರ್ಟಿನ ಬಾಗಿಲ ಬೇವಿನ ಮರದಡಿ ಮೂವತ್ತೊಂದು ವರ್ಷ ಟೈಪ್ ಮಷಿನ್ ಇಟ್ಟುಕೊಂಡು ಊರವರ ಅರ್ಜಿ ಹೊಡೆದುಕೊಟ್ಟವಳು ನಾನು. ‘ತಮ್ಮ ಪಾದಾರವಿಂದಗಳಲ್ಲಿ’ ಎಂದು ಎಷ್ಟು ಸಾವಿರ ಸಲ ಹೊಡೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಮಾತ್ರ ನಿಜವಾಗಿ ನಿಮ್ಮ ಪಾದಗಳ ವಿಷಯವನ್ನೇ ಮಾತಾಡಬೇಕಾಗಿದೆ.

ವೈಗೈ ಹೊಳೆಯ ಈಚೆ ದಡದ ನಮ್ಮ ವಠಾರದಲ್ಲಿ ಆರು ಬಾಡಿಗೆ ಮನೆ. ಅಂಗಳದ ಮೂಲೆಯಲ್ಲೊಂದು ಅರ್ಥಿಂಗ್ ಗುಂಡಿ ಇತ್ತು. ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಇದ್ದಿಲು, ಉಪ್ಪು ತುಂಬಿ ಮುಚ್ಚಿದ ಗುಂಡಿ. ಬೇಸಿಗೆಯಲ್ಲಿ ಅದು ಒಣಗದಂತೆ ದಿನಾ ಒಂದು ಬಿಂದಿಗೆ ನೀರು ಹೊಯ್ಯುವುದು ನಮ್ಮ ಹೆಂಗಸರ ಸರದಿ ಕೆಲಸ. ಎರಡು ವರ್ಷದ ಹಿಂದೆ ಮಾಲೀಕ ದೊರೈಪಾಂಡಿಯವರು ಕಾರು ಕೊಂಡರು. ಕಾರಿಗೆ ಅಂಗಳ ಬೇಕಾಯಿತು, ಅಂಗಳಕ್ಕೆ ಟೈಲ್ಸ್ ಬೇಕಾಯಿತು. ಮನೆಗಳಿಂದ ಗುಂಡಿಗೆ ಇಳಿದು ಅಡ್ಡ ಬಂದ ತಂತಿಯನ್ನು ಗಾರೆಯವರು ಕತ್ತರಿಸಿ ಬಿಸಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಗುಂಡಿಯ ಮೇಲೆ ಟೈಲ್ಸ್ ಕೂತಿತು, ಅದರ ಮೇಲೆ ಕಾರು ಕೂತಿತು. ಅಂದಿನಿಂದ ಫ್ರಿಜ್ ಮುಟ್ಟಿದರೂ ಜುಮ್, ಗ್ರೈಂಡರ್ ಮುಟ್ಟಿದರೂ ಜುಮ್. ಮಾಲೀಕರಿಗೆ ಹೇಳಿದೆವು. ಅವರು ಮನೆಗೊಂದರಂತೆ ಆರು ಜೊತೆ ಹವಾಯಿ ಚಪ್ಪಲಿ ತಂದು ಹಂಚಿ, ಇದನ್ನು ಹಾಕಿಕೊಂಡು ಮುಟ್ಟಿ, ಏನೂ ಆಗಲ್ಲ ಅಂದರು. ರೋಗಕ್ಕೆ ಮದ್ದು ಕೇಳಿದರೆ ಊರುಗೋಲು ಕೊಟ್ಟ ಹಾಗೆ.

ಆಮೇಲೆ ನಿಮಗೆ ಬರೆದೆವು. ಚಿತ್ತಿರೈ ತಿಂಗಳಲ್ಲಿ ನಿಮ್ಮ ಪರಿವೀಕ್ಷಕರು ಬಂದರು. ದೊಡ್ಡ ಮನುಷ್ಯರು, ದಪ್ಪ ರಬ್ಬರ್ ತಳದ ಬೂಟು. ನಾಲ್ಕನೇ ಮನೆಯ ಪೇಚ್ಚಿ ಇಡ್ಲಿ ಹಿಟ್ಟು ರುಬ್ಬಿ ಮಾರುವವಳು, ಅವಳ ಅಡುಗೆಮನೆಗೇ ಮೊದಲು ಹೋದರು. ಬೂಟು ಬಿಚ್ಚಲಿಲ್ಲ. ನಮ್ಮ ವಠಾರದಲ್ಲಿ ಮದುಮಗನೂ ಅಡುಗೆಮನೆಯ ಹೊಸ್ತಿಲ ಹೊರಗೆ ಕಾಲು ತೊಳೆದೇ ಒಳಗೆ ಬರುವುದು. ಆದರೂ ಸರ್ಕಾರದ ಕೆಲಸ ಎಂದು ಬಾಯಿ ಮುಚ್ಚಿಕೊಂಡೆವು. ಅವರು ಗ್ರೈಂಡರ್ ಮೇಲೆ ಅಂಗೈ ಇಟ್ಟು, ಎಲ್ಲಿದೆಯಮ್ಮಾ ಶಾಕು, ನಿಮ್ಮ ಭ್ರಮೆ ಅಂತ ನಕ್ಕರು. ಬೂಟು ಬಿಚ್ಚಿ ಮುಟ್ಟಿ ನೋಡಿ ಸಾರ್ ಅಂದೆ.

“ಬೇರೆ ಬೀದೀಲಿ ಇನ್ನೂ ಹನ್ನೊಂದು ಮನೆ ಐತಮ್ಮ. ಎಲ್ಲಾ ಕಡೆ ಬಿಚ್ಕೊಂಡು ಹಾಕ್ಕೊಂಡು ಕೂತ್ರೆ ನನ್ ಕೆಲಸ ಯಾರು ಮಾಡ್ತಾರೆ?” ಅಂದರು.

ಹದಿನೈದು ದಿನದಲ್ಲಿ ಪ್ರಮಾಣಪತ್ರ ಬಂತು. ‘ಅರ್ಥಿಂಗ್ ಗುಂಡಿ ಸುಸ್ಥಿತಿಯಲ್ಲಿದೆ. ಐದು ವರ್ಷ ಮಾನ್ಯ.’ ಕಾರಿನ ಕೆಳಗೆ, ಟೈಲ್ಸಿನ ಕೆಳಗೆ, ಸಿಮೆಂಟಿನ ಕೆಳಗೆ ಇರುವ ಗುಂಡಿಯ ಸುಸ್ಥಿತಿ ಕಂಡ ಆ ಕಣ್ಣುಗಳಿಗೆ ದೊಡ್ಡ ನಮಸ್ಕಾರ. ಮಾಲೀಕರು ಅದಕ್ಕೆ ಕಟ್ಟು ಹಾಕಿಸಿ ಮೀಟರ್ ಬೋರ್ಡಿನ ಪಕ್ಕ ತೂಗುಹಾಕಿದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಿಮ್ಮ ಹಾಗೆ ಮುಚ್ಚಿಡುವ ಅಭ್ಯಾಸ ನನಗಿಲ್ಲ. ಪೇಚ್ಚಿ ಹೇಳಿದ ಮಾತು ಕೇಳುವ ಹೆಣ್ಣು. ಮಾಲೀಕರು ಕೊಟ್ಟ ಚಪ್ಪಲಿ ಹಾಕಿಕೊಂಡೇ ಗ್ರೈಂಡರ್ ಮುಂದೆ ಕೂರುತ್ತಿದ್ದಳು. ಆಡಿ ತಿಂಗಳ ಶುಕ್ರವಾರ, ಅಮ್ಮನವರ ಗುಡಿಗೆ ಗಂಜಿ ಕಾಯಿಸುವ ದಿನ, ಹಿಟ್ಟು ತರಲು ಹೋದ ನನ್ನ ಕಣ್ಣಿಗೆ ಅದು ಬಿತ್ತು. ವಠಾರಕ್ಕೆ ಹಿರಿಯಳಲ್ಲವೇ, ನಾಲಿಗೆ ಸುಮ್ಮನಿರಲಿಲ್ಲ.

“ಏನೇ ಪೇಚ್ಚಿ, ಅನ್ನ ಕೊಡೋ ಕಲ್ಲಿನ ಮುಂದೆ ಚಪ್ಪಲೀನಾ? ಇವತ್ತಾದ್ರೂ ಬಿಚ್ಚೇ. ಸರ್ಕಾರದೋರೇ ಬಂದು ಎಲ್ಲಾ ಸರಿ ಐತೆ ಅಂತ ಬರ್ಕೊಟ್ಟಿದಾರಲ್ಲ.”

“ಹೌದಲ್ವಾ ಅಕ್ಕ,” ಅಂದಳು. ಚಪ್ಪಲಿ ಬಿಚ್ಚಿ ಹೊಸ್ತಿಲ ಹೊರಗೆ ಜೋಡಿಸಿಟ್ಟಳು. ನೆಲವೆಲ್ಲ ಅಕ್ಕಿ ತೊಳೆದ ನೀರು. ನಾನು ನನ್ನ ಬಾಗಿಲು ಮುಟ್ಟುವುದರೊಳಗೆ ಪಾತ್ರೆ ಉರುಳಿದ ಸದ್ದು. ಓಡಿಬಂದು ನೋಡಿದರೆ ಅವಳ ಬಲಗೈ ಗ್ರೈಂಡರಿಗೆ ಕಚ್ಚಿಕೊಂಡಿತ್ತು, ಬಾಯಿಂದ ಮಾತಿಲ್ಲ. ಓಡಿ ಮೇನ್ ಆಫ್ ಮಾಡಿದೆ. ಜೀವ ಉಳಿಯಿತು. ಬಲಗೈಯ ಬೆರಳು ಮಡಚಲು ಬರುವುದಿಲ್ಲ. ಈಗ ಅಣ್ಣನ ಮನೆಯಲ್ಲಿ ಎಡಗೈಯಲ್ಲಿ ಅನ್ನ ಕಲೆಸಿಕೊಂಡು ತಿನ್ನುತ್ತಾಳೆ. ನೋಡಲು ಹೋದಾಗ ನನಗೇ ಸಮಾಧಾನ ಹೇಳಿದಳು, ನಿಮ್ಮದೇನು ತಪ್ಪು ಅಕ್ಕ ಎಂದು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ.

ಇಷ್ಟಾದರೂ ಪ್ರಮಾಣಪತ್ರಕ್ಕೆ ಏನೂ ಆಗಲಿಲ್ಲ, ಅದು ಗೋಡೆಯ ಮೇಲೆ ಗಟ್ಟಿಮುಟ್ಟಾಗಿದೆ. ಗ್ರೈಂಡರ್ ಹಳೆಯದು, ದೋಷ ಬಾಡಿಗೆದಾರಳದು ಎಂದು ನೀವು ಬರೆದು ಕೈತೊಳೆದುಕೊಂಡಿರಿ. ಕೆಟ್ಟ ಗ್ರೈಂಡರ್ ಕೊಲ್ಲದಿರಲಿ ಎಂದೇ ಅಲ್ಲವೇ ಅರ್ಥಿಂಗ್ ಇರುವುದು? ಹೋದ ವಾರ ನಾಲ್ಕನೇ ಮನೆಗೆ ಹೊಸಬರು ಮುಂಗಡ ಕೊಟ್ಟರು. ಹೆಸರು ಕಯಲ್‌ವಿಳಿ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಗಂಡ ಆಟೋ ಓಡಿಸುತ್ತಾನೆ. ಹತ್ತು ತಿಂಗಳ ಮಗುವಿದೆ. ಮನೆ ನೋಡಲು ಬಂದಾಗ ಆ ಮಗು ಅಂಬೆಗಾಲಿಡುತ್ತಾ ನೇರ ಅಡುಗೆಮನೆಗೇ ಹೋಯಿತು. ಮಾಲೀಕರು ಬೀಗದ ಕೈ ಜೊತೆ ಎರಡು ಜೊತೆ ಹೊಸ ಚಪ್ಪಲಿ ಕೊಟ್ಟರು. ಅಂಗೈ, ಮೊಣಕಾಲು ಊರಿ ನಡೆಯುವ ಮಗುವಿಗೆ ಯಾವ ಸೈಜಿನ ಚಪ್ಪಲಿ ಹಾಕೋಣ ಹೇಳಿ? ಅಂದೇ ಮೇನ್ ಆಫ್ ಮಾಡಿ ಆ ಫ್ಯೂಸ್ ಕಿತ್ತೆ. ಕಯಲ್‌ವಿಳಿಗೆ ಎಲ್ಲ ಹೇಳಿದೆ. ಬೇರೆ ಕಡೆ ಹೋಗಲು ಅವರಿಗೆ ಮನೆಯಿಲ್ಲ, ಬರುವ ಶುಕ್ರವಾರ ಹಾಲು ಕಾಯಿಸಿ ಒಳಗೆ ಬರುತ್ತಾರೆ. ಲಾಟೀನು ಹಚ್ಚಿಕೊಂಡು ಇರುತ್ತೇವೆ ಅಕ್ಕ, ಫ್ಯೂಸ್ ಕೊಡಬೇಡಿ ಅಂದಳು.

ಆದ್ದರಿಂದ ನನ್ನ ಬೇಡಿಕೆ, ಬೇಡಿಕೆ ಎಂದರೆ ಬೇಡಿಕೆಯೇ, ಪ್ರಾರ್ಥನೆ ಅಲ್ಲ. ಕಾರು ಸರಿಸಿ, ಟೈಲ್ಸ್ ಒಡೆಸಿ, ಕತ್ತರಿಸಿದ ತಂತಿ ಜೋಡಿಸಿ. ಆಮೇಲೆ ನೀವೇ ಬನ್ನಿ, ಆ ಬೂಟಿನವರನ್ನು ಕಳಿಸಬೇಡಿ. ಹೊಸ್ತಿಲಲ್ಲಿ ನಾನೇ ನೀರು ಕೊಡುತ್ತೇನೆ, ಕಾಲು ತೊಳೆದುಕೊಳ್ಳಿ. ಆ ಒಂದು ಗಳಿಗೆಗೆ ಮಾತ್ರ ಫ್ಯೂಸ್ ನಾನೇ ಹಾಕುತ್ತೇನೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಪೇಚ್ಚಿ ಬಿಟ್ಟುಹೋದ ಗ್ರೈಂಡರ್ ಮುಟ್ಟಿ. ನಕ್ಕುಕೊಂಡು ಹೊರಗೆ ಬಂದರೆ ಇಂಗಿನ ಡಬ್ಬಿ ನಿಮ್ಮ ಕೈಗೆ. ಬರಿಗಾಲಲ್ಲಿ ನಿಲ್ಲಲು ಭಯವಾದರೆ, ಗೋಡೆಯ ಮೇಲಿನ ಕಾಗದವನ್ನು ಹರಿದು ಹಾಕಿ ಹೋಗಿ. ಅದುವರೆಗೆ ಪೊಲೀಸರನ್ನೇ ಕಳಿಸಿದರೂ ಫ್ಯೂಸ್ ಸಿಗುವುದಿಲ್ಲ.

ಇಂತಿ,
ನಿಮ್ಮ ಕಾಗದ ನಂಬಿ ಪೇಚ್ಚಿಯ ಚಪ್ಪಲಿ ಬಿಚ್ಚಿಸಿದ
ಉಲಗಮ್ಮಾಳ್, ಎರಡನೇ ಮನೆ