ಹಾಡುವ ದಿನದ ಗುಳಿಗೆ

ಇಡ್ವಾಲ್, ನೀನು ಮಣ್ಣು ಸೇರಿ ಮೂರು ತಿಂಗಳಾಯಿತು, ಆದರೂ ವರದಿ ಒಪ್ಪಿಸುತ್ತೇನೆ. ಇಂದು ಬೆಳಿಗ್ಗೆ ನರ್ಸ್ ನೆರಿಸ್ ಫೋನ್ ಮಾಡಿದಳು. ರಕ್ತ ಪರೀಕ್ಷೆಯಲ್ಲಿ ನನ್ನ ಲಿವರ್ ಸರಿಯಿಲ್ಲವಂತೆ.

"ಎಮ್ರಿಸ್ ತಾತ, ಶ್ವಾಸಕೋಶದ ಗುಳಿಗೆ ಹೇಗೆ ತಗೊಳ್ತೀರಿ?"

"ಬೆಳಿಗ್ಗೆ ಒಂದು, ಸಂಜೆ ಒಂದು, ಊಟದ ಜೊತೆ. ಚಾಪೆಲ್‌ನಲ್ಲಿ ಹಾಡೋ ದಿನ ಮಾತ್ರ ಬೆಳಗಿಂದು ಬಿಟ್ಟು ಸಂಜೆ ಎರಡೂ ಒಟ್ಟಿಗೆ. ಅದು ಹೊಟ್ಟೆ ಕೆಡಿಸುತ್ತಲ್ಲಮ್ಮ, ಹಾಡೋನು ಮಧ್ಯದಲ್ಲಿ ಓಡೋನಾಗಬಾರದು."

ಅವಳು ನಗಲಿಲ್ಲ. "ತಪ್ಪಿದ್ದು ತಪ್ಪಿಹೋಗ್ಲಿ, ಎರಡು ಯಾವತ್ತೂ ಒಟ್ಟಿಗೆ ನುಂಗಬಾರದು. ಹೊಟ್ಟೆ ಕೆಟ್ರೆ ನಮಗೆ ಹೇಳಬೇಕಿತ್ತು. ಡಾಕ್ಟರು ಗುಳಿಗೆ ಸದ್ಯಕ್ಕೆ ನಿಲ್ಲಿಸೋಕೆ ಹೇಳಿದಾರೆ. ನಾಳೆ ಬಂದು ಮತ್ತೆ ರಕ್ತ ಕೊಡಿ."

ನಿಲ್ಲಿಸಿದರೆ ಗಣಿಯಲ್ಲಿ ಎದೆಯೊಳಗೆ ಸೇರಿದ ಸ್ಲೇಟುಕಲ್ಲಿನ ಪುಡಿ ಗೆಲ್ಲುತ್ತದೆ, ನುಂಗಿದರೆ ಲಿವರ್ ಸೋಲುತ್ತದೆ.

"ಈ ಉಪಾಯ ಬೇರೆ ಯಾರಿಗಾದ್ರೂ ಹೇಳಿಕೊಟ್ಟಿದ್ದೀರಾ, ತಾತ?"

ಗಣಿಯಲ್ಲೂ ಗಾಯನದಲ್ಲೂ ನಲವತ್ತು ವರ್ಷ ನನ್ನ ಪಕ್ಕ ನಿಂತವನು, ಇದೇ ಗುಳಿಗೆ ನುಂಗಿದವನು ನೀನು. ನಾನು ಹೇಳಿದ್ದನ್ನೆಲ್ಲ ನಗುತ್ತ ಮಾಡಿದವನು. ಕೊನೆಗೆ ನಿನ್ನ ಕಣ್ಣು ಬೆಣ್ಣೆಯಂತೆ ಹಳದಿಯಾದಾಗ, ನೋಡಿದವರು ಬ್ರೆಡ್ ಹಿಡಿದು ಬರುತ್ತಾರೆ ಎಂದು ಗೇಲಿ ಮಾಡಿದ್ದೆ.

"ಇಲ್ಲಮ್ಮ, ಯಾರಿಗೂ ಇಲ್ಲ" ಎಂದೆ.